ಸೀಗಡಿಗೆ ಊಟ ಯಾರು ಹಾಕ್ತಾರೆ?

ವಿಜಯನಗರದ ಪೇಟೆಯಲ್ಲಿ ಮುತ್ತು-ರತ್ನಗಳನ್ನು ಸೇರಿನಲ್ಲಿ ಅಳೆದು ಮಾರ್ತಿದ್ರು ಅನ್ನೋ ಕತೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದವರೇ. ಅದೇ ಊರಿನಲ್ಲಿ ಸಮುದ್ರದ ಮೀನೂ ಸಿಗ್ತಿತ್ತು ಅಂತ ನಮ್ಮ ಮೇಷ್ಟ್ರು ಹೇಳಿರಲಿಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಶುಕ್ರವಾರದ ಸಂತೆಯೊಂದನ್ನು ವರ್ಣಿಸುತ್ತಾನೆ. ಹಂದಿ, ಕೋಳಿಗಳ ಜೊತೆಗೆ ಕಡಲಿನ ಒಣಮೀನೂ ಅಲ್ಲಿತ್ತಂತೆ. ಸುಮಾರು ಹದಿನೈದು ವರ್ಷದ ನಂತರ ಬರೆದ ನ್ಯೂನಿಜ್, ಇಲ್ಲಿ ನದಿ ಮೀನು ಧಾರಾಳ ಅನ್ನುತ್ತಾನೆ. ಬೇಟೆಯ ಪ್ರಾಣಿಗಳನ್ನು ಜೀವಂತವಾಗಿಯೇ ಮಾರಬೇಕಿತ್ತು, ಕೊಳ್ಳುವವನಿಗೆ ತಾನು ಏನನ್ನು ಕೊಳ್ತಿದ್ದೇನೆ ಅಂತ ಗೊತ್ತಿರಬೇಕು ಅನ್ನೋದು ಅದರ ಹಿಂದಿನ ತರ್ಕ ಅಂತಲೂ ಬರೆದಿದ್ದಾನೆ. ಇವರಿಬ್ಬರ ಬರಹಗಳನ್ನೂ ಇಂಗ್ಲಿಷಿಗೆ ತಂದು 1900ರಲ್ಲಿ ಪ್ರಕಟಿಸಿದವನು ರಾಬರ್ಟ್ ಸೀವೆಲ್.

ಅಂದರೆ ಐನೂರು ವರ್ಷದ ಹಿಂದೆ ಸಮುದ್ರ ಈ ಕಡೆಗೆ ಬಂದದ್ದು ಒಣಗಿಕೊಂಡು. ಈಗ ಅದು ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ಥರ್ಮಾಕೋಲ್ ಡಬ್ಬಿಯೊಳಗೆ, ಜೀವಂತವಾಗಿ ಬರುತ್ತೆ. ಹೊಸಪೇಟೆಯಲ್ಲಿರೋ ನನ್ನ ಚಿಕ್ಕಪ್ಪನ ಮಗ ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದಾನೆ. ಈ ಬೇಸಿಗೆಯಲ್ಲಿ ಫೋನ್ ಮಾಡಿ, "ಅಣ್ಣಾ, ಒಂದು ಜೋಡಿ ಹಾರ್ಲೆಕ್ವಿನ್ ಸೀಗಡಿ ತರಿಸ್ಲಾ?" ಅಂದ. ಅವನಿಗೆ ಕೊಡಬೇಕಾದ ಉತ್ತರ ಹುಡುಕ್ತಾ ಹೋಗಿಯೇ ನಾನು ಇಷ್ಟೆಲ್ಲ ಓದಿದ್ದು.

ಮೊದಲು ಒಂದು ಮಾತು. ಸಂಡೂರು-ಹೊಸಪೇಟೆ ಸೀಮೆಗೆ ಸಮುದ್ರ ಹೊಸದಲ್ಲ. ಸಂಡೂರಿನ ಗುಡ್ಡಗಳಲ್ಲಿ ಪದರ ಪದರವಾಗಿ ಕಾಣೋ ಕಬ್ಬಿಣದ ಕಲ್ಲು ಸುಮಾರು 260-270 ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಕೂತ ಗಸಿ. ಅದೇ ಶಿಲಾಪಟ್ಟಿಯಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳೂ ಸಿಕ್ಕಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿದ ದಿಬ್ಬಗಳು ಅವು. ಹವಳ ಅನ್ನೋ ಪ್ರಾಣಿ ಭೂಮಿಯ ಮೇಲೆ ಹುಟ್ಟೋದಕ್ಕೆ ಇನ್ನೂ ಇನ್ನೂರು ಕೋಟಿ ವರ್ಷ ಬಾಕಿ ಇದ್ದಾಗಲೇ ಸಂಡೂರಿನಲ್ಲಿ ಒಂದು ಥರದ 'ರೀಫ್' ಇತ್ತು. ಅದನ್ನು ಯಾರೂ ಸಾಕಿರಲಿಲ್ಲ, ಯಾರೂ ಊಟ ಹಾಕಿರಲಿಲ್ಲ. ಬಿಸಿಲು ಮತ್ತು ನೀರು ಸಾಕಾಗಿತ್ತು.

ಊಟ ಹಾಕೋ ಇತಿಹಾಸ ಬಹಳ ತಡವಾಗಿ ಶುರುವಾಗುತ್ತೆ. ನಮ್ಮ ನೆಲದಲ್ಲಿ ಅದರ ಒಳ್ಳೆಯ ದಾಖಲೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನದ್ದು. ಕಂಪ್ಲಿಯೂ ಅವನ ರಾಜ್ಯದೊಳಗೇ ಇತ್ತು. ಅವನ 'ಮಾನಸೋಲ್ಲಾಸ' ಹನ್ನೆರಡನೇ ಶತಮಾನದ ಮೊದಲರ್ಧದ ಸಂಸ್ಕೃತ ಗ್ರಂಥ. ತಲಾ ಇಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು ಅಧ್ಯಾಯ. ರಾಜನ ಮನರಂಜನೆಗಳ ಭಾಗದಲ್ಲಿ 'ಮತ್ಸ್ಯವಿನೋದ' ಅಂತಲೇ ಒಂದು ಅಧ್ಯಾಯ ಇದೆ. ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಇದರ ಬಗ್ಗೆ ಬರೆದ ಮೇಲೆ ವಿಜ್ಞಾನಿಗಳ ಕಣ್ಣು ಇದರ ಮೇಲೆ ಬಿತ್ತು. ಯಾವ ಮೀನು ಸಮುದ್ರದ್ದು, ಯಾವುದು ಸಿಹಿನೀರಿನದ್ದು, ಯಾವುದಕ್ಕೆ ಹುರುಪೆ ಇದೆ, ಯಾವುದಕ್ಕಿಲ್ಲ, ಯಾವುದು ದೊಡ್ಡದು, ಯಾವುದು ಚಿಕ್ಕದು, ಎಲ್ಲಕ್ಕಿಂತ ಮುಖ್ಯವಾಗಿ ಯಾವುದಕ್ಕೆ ಏನು ತಿನ್ನಿಸಬೇಕು ಅಂತ ವಿವರ ಇದೆ. ಕೆಲವಕ್ಕೆ ಎಳ್ಳು, ಕಡಲೆ, ಅಕ್ಕಿಯ ಹಿಟ್ಟಿನ ಉಂಡೆ, ಕೆಲವಕ್ಕೆ ಮಾಂಸ. ಒಂದೇ ಊಟ ಎಲ್ಲ ಮೀನಿಗೂ ಆಗಲ್ಲ ಅನ್ನೋದು ಒಂಬೈನೂರು ವರ್ಷದ ಹಿಂದೆಯೇ ಗೊತ್ತಿತ್ತು.

ಆದರೆ ಇಷ್ಟೆಲ್ಲ ಉಪಚಾರ ಯಾಕೆ? ಗಾಳ ಹಾಕಿ ಹಿಡಿಯೋದಕ್ಕೆ! ತಿನ್ನಿಸಿ ಕೊಬ್ಬಿಸಿದ ಮೀನನ್ನು ದೊರೆ ಗಾಳದಿಂದ ಎಳೆಯೋದೇ ಆ ವಿನೋದ. ಊಟ ಹಾಕೋದೆಲ್ಲ ಪ್ರೀತಿ ಅಲ್ಲ ಅನ್ನೋದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೊಂದು ಥರದ ಊಟ ಪುಣ್ಯದ್ದು. ಶೃಂಗೇರಿಯ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಎಸೆದವರು ನಿಮ್ಮಲ್ಲಿ ಬಹಳ ಜನ ಇರ್ತೀರಿ. ಅದೇ ನೀರು ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿಕೊಂಡು ಹಂಪಿಗೆ ಬರುತ್ತೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲೂ ದೇವರ ಮೀನುಗಳಿವೆ. 1996ರಲ್ಲಿ ಅಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರವರು ಅವುಗಳಿಗೆ ಸ್ಮಾರಕ ಕಟ್ಟಿದರು. ಈ ಮೀನುಗಳನ್ನು ಯಾರೂ ಹಿಡಿಯಲ್ಲ, ಮನೆಗೆ ಒಯ್ಯಲ್ಲ. ನಾವು ಮಂಡಕ್ಕಿ ಮರೆತರೂ ನದಿ ಅವುಗಳನ್ನು ಸಾಕುತ್ತೆ.

ಮೂರನೆಯದು ನೋಡೋದಕ್ಕೋಸ್ಕರ ಹಾಕೋ ಊಟ. ಗಾಜಿನ ಪೆಟ್ಟಿಗೆಯಲ್ಲಿ ಕಡಲ ಜೀವಿಗಳನ್ನು ಇಟ್ಟು ನೋಡೋ ಹುಚ್ಚು ಜೋರಾಗಿದ್ದು 1850ರ ದಶಕದ ಇಂಗ್ಲೆಂಡಿನಲ್ಲಿ. 1853ರಲ್ಲಿ ಲಂಡನ್ನಿನ ಝೂನಲ್ಲಿ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ 'ದಿ ಅಕ್ವೇರಿಯಂ' ಪುಸ್ತಕ ಬರೆದ. ಅದನ್ನು ಓದಿದ ಜನ ಬಕೆಟ್ ಹಿಡಿದು ಕಡಲ ದಂಡೆಗೆ ಓಡಿದರು. ಮುಂದೆ ಗಾಸ್‌ನ ಮಗ ಎಡ್ಮಂಡ್ 1907ರ ತನ್ನ ಆತ್ಮಕಥನದಲ್ಲಿ, ಅಪ್ಪನ ಪುಸ್ತಕಗಳಿಂದ ಹುಟ್ಟಿದ ಈ ಹುಚ್ಚು ಅಪ್ಪ ಪ್ರೀತಿಸುತ್ತಿದ್ದ ಬಂಡೆ ಹೊಂಡಗಳನ್ನೇ ಬರಿದು ಮಾಡಿತು ಅಂತ ನೊಂದು ಬರೆದ.

ಹಾರ್ಲೆಕ್ವಿನ್ ಸೀಗಡಿಗೆ ವಿಜ್ಞಾನದ ಹೆಸರು ಬಂದದ್ದೂ ಅದೇ ಕಾಲದಲ್ಲಿ. ಅಮೆರಿಕದ ಜೇಮ್ಸ್ ಡ್ವೈಟ್ ಡೇನಾ 1852ರಲ್ಲಿ ಇದನ್ನು 'ಹೈಮೆನೊಸೆರಾ ಪಿಕ್ಟಾ' ಅಂತ ಕರೆದ. ಪಿಕ್ಟಾ ಅಂದರೆ ಬಣ್ಣ ಬಳಿದದ್ದು. ಹೆಸರು ಸರಿಯಾಗೇ ಇದೆ. ಬೆರಳುದ್ದದ, ಬಿಳಿ ಮೈಮೇಲೆ ನೀಲಿ-ನೇರಳೆ-ಗುಲಾಬಿ ಚುಕ್ಕಿಗಳ, ಬೀಸಣಿಗೆಯಂಥ ಕೊಂಡಿಗಳ ಜೀವಿ. ಗಂಡು-ಹೆಣ್ಣು ಜೋಡಿಯಾಗಿಯೇ ಬಾಳುತ್ತವೆ. 1970ರ ದಶಕದಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ವಿಕ್ಲರ್ ಮತ್ತು ಉಟಾ ಸೈಬ್ಟ್ ಇವುಗಳ ದಾಂಪತ್ಯವನ್ನೇ ಅಧ್ಯಯನ ಮಾಡಿದರು. ಸಂಗಾತಿಯ ಗುರುತು ಹಿಡಿಯೋ ಸೀಗಡಿ ಇದು.

ತೊಂದರೆ ಇರೋದು ಇದರ ಊಟದಲ್ಲಿ. ಇದು ತಿನ್ನೋದು ನಕ್ಷತ್ರಮೀನು ಮಾತ್ರ ಅಂದರೂ ನಡೆಯುತ್ತೆ. ಅಂಗಡಿಯ ಪೆಲೆಟ್, ಫ್ಲೇಕ್ ಯಾವುದನ್ನೂ ಮುಟ್ಟಲ್ಲ. ಜೋಡಿ ಸೇರಿ ನಕ್ಷತ್ರಮೀನನ್ನು ಅಂಗಾತ ಮಗುಚಿ ಹಾಕಿ, ಕಾಲಿನ ತುದಿಯಿಂದ ನಡುವಿನ ಕಡೆಗೆ ನಿಧಾನವಾಗಿ ತಿನ್ನುತ್ತಾ ಹೋಗುತ್ತವೆ, ದಿನಗಟ್ಟಲೆ. ಸಾಕುವವರು ಸಾಮಾನ್ಯವಾಗಿ ನಕ್ಷತ್ರಮೀನಿನ ಒಂದೊಂದೇ ಕಾಲು ಕತ್ತರಿಸಿ ಹಾಕ್ತಾರೆ. ಕೆಲವರು ಫ್ರೀಜರಿನಲ್ಲಿಟ್ಟು ತೆಗೆದು ತೆಗೆದು ಹಾಕ್ತಾರೆ. ವಾರದಿಂದ ಹತ್ತು ದಿನಕ್ಕೊಂದು ಕಾಲು ಅಂತ ಹಿಡಿಯಿರಿ. ಐದು ಕಾಲಿನ ನಕ್ಷತ್ರಮೀನು ವರ್ಷಕ್ಕೆ ಏಳರಿಂದ ಹತ್ತು ಬೇಕು. ಅವು ಹೊಸಪೇಟೆಯಲ್ಲಿ ಸಿಗೋದಿಲ್ಲ ಅಂತ ಹೇಳೋದಕ್ಕೆ ಸಂಶೋಧನೆ ಬೇಕಿಲ್ಲ.

ಕಡಲಲ್ಲಿ ಇದೇ ಹಸಿವು ಉಪಕಾರಿ. ಹವಳವನ್ನು ಮೇಯೋ ಮುಳ್ಳುಕಿರೀಟದ ನಕ್ಷತ್ರಮೀನನ್ನೂ ಇದು ತಿನ್ನುತ್ತೆ. ಪನಾಮಾದ ಹವಳದ ದಿಬ್ಬಗಳಲ್ಲಿ ಪೀಟರ್ ಗ್ಲಿನ್ ಅದನ್ನು ದಾಖಲಿಸಿದ್ದಾರೆ. ಅಲ್ಲಿ ಹವಳ ಕಾಯೋ ಜೀವಿ, ಇಲ್ಲಿ ಡ್ರಾಯಿಂಗ್ ರೂಮಿಗೆ ಬಂದ ಕೂಡಲೇ ಕಡಲಿನಿಂದ ಇನ್ನಷ್ಟು ಜೀವ ಎಳೆದು ತರಿಸೋ ಜೀವಿ ಆಗಿಬಿಡುತ್ತೆ. ಟ್ಯಾಂಕಿಗೆ ಬೇಕಾದ ಹವಳದ ಕತೆಯೂ ಇದೆ. ದಿಬ್ಬ ಕಟ್ಟೋ ಹವಳಗಳು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿವೆ. ಹುಲಿ ಇರೋ ಪಟ್ಟಿ ಅದು.

ಉಳಿದದ್ದು ಮೇಂಟೆನೆನ್ಸ್. ನೂರು ಲೀಟರ್ ಕಡಲು ಮಾಡೋದಕ್ಕೆ ಆರ್‌ಓ ನೀರಿಗೆ ಸುಮಾರು ಮೂರೂವರೆ ಕೆಜಿ ಉಪ್ಪುಮಿಶ್ರಣ ಬೇಕು. ನೀರು 25-26 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಹೊಸಪೇಟೆಯ ಏಪ್ರಿಲ್ ನಲವತ್ತು ಡಿಗ್ರಿ. ಅಂದರೆ ಚಿಲ್ಲರ್, ಅಂದರೆ ಕರೆಂಟು, ಅಂದರೆ ಯುಪಿಎಸ್. ಸಾಫ್ಟ್‌ವೇರ್‌ನಲ್ಲಿ ಇರೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಾಂಚ್ ದಿನ ಕೇಕ್ ಕತ್ತರಿಸೋಕೆ ಎಲ್ಲರೂ ಬರ್ತಾರೆ, ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಒಬ್ಬನೇ ಇರ್ತಾನೆ. ಇದನ್ನು ನಮ್ಮ ಹಳಬರು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಪಾಯೆಸ್ ನೋಡಿದಾಗ ಕೃಷ್ಣದೇವರಾಯನ ದೊಡ್ಡ ಕೆರೆಯ ಕೆಲಸಕ್ಕೆ ಹದಿನೈದು-ಇಪ್ಪತ್ತು ಸಾವಿರ ಜನ ಇದ್ದರು, ಇರುವೆಗಳ ಹಾಗೆ. ಆದರೂ ಅದು ಎರಡು ಮೂರು ಸಲ ಒಡೆದಿತ್ತು. ನೀರು ಕಟ್ಟೋದು ಒಂದು ಕೆಲಸ, ಕಟ್ಟಿದ್ದನ್ನು ಕಾಯೋದು ಇನ್ನೊಂದು. ಅದಕ್ಕೇ ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಕಟ್ಟುಗೊಡುಗೆ ಅಂತ ಭೂಮಿ ಬಿಟ್ಟುಕೊಡೋ ಪದ್ಧತಿ ಇತ್ತು. ಕಮಲಾಪುರದ ಕೆರೆಯಲ್ಲಿ ಇವತ್ತಿಗೂ ನೀರಿದೆ.

ನಾಲ್ಕನೇ ದಾರಿಯೂ ನಮ್ಮ ಪಕ್ಕದಲ್ಲೇ ಇದೆ. 2015ರಲ್ಲಿ ಸರ್ಕಾರ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ತುಂಗಭದ್ರೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿತು. ನೀರುನಾಯಿಯೂ ಊಟದ ವಿಷಯದಲ್ಲಿ ಹಟಮಾರಿ, ಅದಕ್ಕೆ ಮೀನೇ ಮುಖ್ಯ. ಆದರೆ ಇಲ್ಲಿ ಯಾರೂ ಅದಕ್ಕೆ ಕೈಯಾರೆ ತಿನ್ನಿಸಬೇಕಿಲ್ಲ. ಮೀನು ಹಿಡಿಯೋಕೆ ಸಿಡಿಮದ್ದು ಹಾಕದಿದ್ದರೆ, ದಂಡೆಯ ಮರಳು ಬಗೆಯದಿದ್ದರೆ ಅದರ ಊಟ ಅದಕ್ಕೆ ಸಿಗುತ್ತೆ. ನೀರುನಾಯಿ ಉಳಿಯಬೇಕು ಅಂದರೆ ಮೀನು ಉಳಿಯಬೇಕು, ಮೀನಿಗೆ ನದಿ ಉಳಿಯಬೇಕು. ಈ ಸರಪಳಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ತುಂಡರಿಸಿದ ಕೂಡಲೇ ಅದರ ಪ್ರತಿ ಕೊಂಡಿಯ ಬಿಲ್ಲೂ ನಮ್ಮ ಹೆಸರಿಗೆ ಬರುತ್ತೆ.

ಹಾಗಾಗಿ ತಮ್ಮನಿಗೆ ನಾನು ಬೇಡ ಅನ್ನಲಿಲ್ಲ. ನ್ಯೂನಿಜ್ ಹೇಳಿದ ಸಂತೆಯ ನಿಯಮ ಹೇಳಿದೆ: ಕೊಳ್ಳೋ ಮೊದಲು ಏನನ್ನು ಕೊಳ್ತಿದ್ದೀಯ ಅಂತ ನೋಡು. ನೀನು ಕೊಳ್ತಿರೋದು ಎರಡು ಸೀಗಡಿ ಅಲ್ಲ, ಎರಡು ಸೀಗಡಿ ಜೊತೆಗೆ ವರ್ಷಕ್ಕೆ ಏಳರಿಂದ ಹತ್ತು ನಕ್ಷತ್ರಮೀನು. ಅವನ್ನು ನೀನೇ ಬೆಳೆಸೋದಾದರೆ, ಅವಕ್ಕೂ ಊಟ ಹಾಕೋದಾದರೆ ತರಿಸು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಕ್ಷತ್ರಮೀನು ಏನು ತಿನ್ನುತ್ತೆ ಅಣ್ಣಾ?" ಅಂತ ಕೇಳಿದ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾನೆ. ಸೀಗಡಿ ಇನ್ನೂ ಬಂದಿಲ್ಲ.