ಮೂರೇ ದಿನದಲ್ಲಿ ಮಂಡಿನೋವು ಮಾಯ ಮಾಡುವ ಗಿಡಮೂಲಿಕೆ ಪುಡಿ: ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

‘ಮಂಡಿನೋವಿಗೆ ಇಂಗ್ಲಿಷ್ ಮಾತ್ರೆ ಬೇಡ. ಶುದ್ಧ ಗಿಡಮೂಲಿಕೆ ಪುಡಿ, ಮೂರೇ ದಿನದಲ್ಲಿ ಗುಣ, ಅಡ್ಡಪರಿಣಾಮ ಇಲ್ಲವೇ ಇಲ್ಲ. ನಿಮ್ಮವರಿಗೆಲ್ಲ ಕಳಿಸಿ.’ ಇಂಥ ಸಂದೇಶ ನಿಮ್ಮ ಮೊಬೈಲಿಗೂ ಒಂದಲ್ಲ ಒಂದು ಸಲ ಬಂದೇ ಇರುತ್ತದೆ. ಇದರಲ್ಲಿ ನಿಜವೆಷ್ಟು, ಅಪಾಯವೆಷ್ಟು ಎಂದು ನೋಡೋಣ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇಂಥ ಪುಡಿಗೆ ಗಿರಾಕಿಗಳಿಗೇನೂ ಬರವಿಲ್ಲ. ತೆಂಗಿನ ಮರ ಹತ್ತಿ ಇಳಿಯುವವರ ಮಂಡಿ, ದಿನವಿಡೀ ನಿಂತು ಕಾಯಿ ಸುಲಿಯುವವರ ಭುಜ, ಕೂತಲ್ಲೇ ಕೂತು ಚಿಪ್ಪಿನಿಂದ ಕೊಬ್ಬರಿ ಬಿಡಿಸುವ ಹೆಂಗಸರ ಸೊಂಟ, ಎಲ್ಲವೂ ವಯಸ್ಸಿಗಿಂತ ಮೊದಲೇ ಸವೆಯುತ್ತವೆ. ಸಾಲದ್ದಕ್ಕೆ 2006ರಲ್ಲಿ ಚಿಕುನ್‌ಗುನ್ಯಾ ಬಂತು. ಆ ವರ್ಷ ರಾಜ್ಯದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು, ತುಮಕೂರೂ ಬಾಧೆಗೊಳಗಾದ ಜಿಲ್ಲೆಗಳಲ್ಲೊಂದು. ಈ ಕಾಯಿಲೆಯಲ್ಲಿ ಜ್ವರ ವಾರದೊಳಗೆ ಇಳಿದರೂ ಕೀಲುನೋವು ಕೆಲವರನ್ನು ತಿಂಗಳುಗಟ್ಟಲೆ ಕಾಡುತ್ತದೆ. ನೋವು ತಿನ್ನುತ್ತಿರುವವರು ಯಾರು ಏನು ಕೊಟ್ಟರೂ ನುಂಗಿ ನೋಡುತ್ತಾರೆ. ಅವರನ್ನು ದೂರುವಂತಿಲ್ಲ.

ಮೊದಲು ನಿಜದ ಭಾಗ. ಗಿಡಮೂಲಿಕೆಗಳಲ್ಲಿ ನೋವು, ಉರಿಯೂತ ತಗ್ಗಿಸುವ ಗುಣ ಇಲ್ಲವೆಂದಲ್ಲ. ಮಂಡಿ ಸವೆತದ ನೋವಿದ್ದ 367 ಮಂದಿಯ ಮೇಲೆ ಥಾಯ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರವು ನಾಲ್ಕು ವಾರಗಳ ಕೊನೆಗೆ 1200 ಮಿಲಿಗ್ರಾಂ ಐಬುಪ್ರೊಫೆನ್ ಮಾತ್ರೆಯ ಹತ್ತಿರಹತ್ತಿರದ ಫಲ ಕೊಟ್ಟಿತು. ಶಲ್ಲಕಿಯ ಅಂಟಿನ ಸಾರದಿಂದಲೂ ಮಂಡಿನೋವು ಸ್ವಲ್ಪಮಟ್ಟಿಗೆ ಇಳಿದದ್ದನ್ನು ಹಲವು ಸಣ್ಣ ಪ್ರಯೋಗಗಳು ತೋರಿಸಿವೆ. ಆದರೆ ಅದು ವಾರಗಳ ಲೆಕ್ಕದಲ್ಲಿ, ನಿಧಾನವಾಗಿ ಸಿಕ್ಕ ಆರಾಮ. ಸವೆದ ಕೀಲು ಹೊಸದಾಗಲಿಲ್ಲ.

ಅಡುಗೆಮನೆಯ ಅರಿಶಿನವೇ ಬೇರೆ, ಮಾತ್ರೆಯ ಅರಿಶಿನವೇ ಬೇರೆ

‘ಅಜ್ಜಿಯ ಕಾಲದಿಂದ ತಿನ್ನುತ್ತಿದ್ದೇವೆ, ಏನಾಗುತ್ತದೆ?’ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಟೀ ಚಮಚ ಅರಿಶಿನ ಪುಡಿ ಸುಮಾರು 3 ಗ್ರಾಂ. ಅದರಲ್ಲಿ ಕರ್ಕ್ಯುಮಿನ್ ಎಂಬ ಮುಖ್ಯ ಅಂಶ ಶೇ. 3ರಷ್ಟು, ಅಂದರೆ 100 ಮಿಲಿಗ್ರಾಂ ಕೂಡ ಇಲ್ಲ. ಸಾರಿಗೆ ನಾವು ಹಾಕುವುದು ಚಿಟಿಕೆ ಮಾತ್ರ. ಶೇ. 95 ಕರ್ಕ್ಯುಮಿನ್ ಇರುವ 500 ಮಿಲಿಗ್ರಾಮಿನ ಒಂದು ಕ್ಯಾಪ್ಸೂಲ್ ಐದು ಚಮಚ ಅರಿಶಿನಕ್ಕೆ ಸಮ. ಐದು ಚಮಚ ಅರಿಶಿನವನ್ನು ಯಾವ ಅಜ್ಜಿಯೂ ಒಂದು ಹೊತ್ತಿನ ಸಾರಿಗೆ ಸುರಿದಿಲ್ಲ.

ಜೊತೆಗೆ ಕರಿಮೆಣಸಿನ ಕಥೆಯಿದೆ. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ ಎಂಬ ಅಂಶವನ್ನು ಬರೀ 20 ಮಿಲಿಗ್ರಾಂ ಕೊಟ್ಟಾಗ ಆ ಪ್ರಮಾಣ ಶೇ. 2000ರಷ್ಟು ಏರಿತು. ಇವತ್ತು ಜಗತ್ತಿನಾದ್ಯಂತ ಮಾರಾಟವಾಗುವ ಎಷ್ಟೋ ಅರಿಶಿನದ ಮಾತ್ರೆಗಳಲ್ಲಿ ಮೆಣಸಿನ ಸಾರ ಬೆರೆತಿರುವುದಕ್ಕೆ ನಮ್ಮ ಬೆಂಗಳೂರಿನ ಈ ಅಧ್ಯಯನವೇ ದೊಡ್ಡ ಕಾರಣ. ತೊಂದರೆ ಏನೆಂದರೆ, ಪೈಪರಿನ್ ಕರ್ಕ್ಯುಮಿನ್ ಒಂದಕ್ಕೇ ಬಾಗಿಲು ತೆರೆಯುವುದಿಲ್ಲ. ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್‌ನಂಥ ಔಷಧಗಳೂ ರಕ್ತದಲ್ಲಿ ಹೆಚ್ಚಾಗಬಹುದು.

ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳೂ ಇವೆ. ಅರಿಶಿನದ ಮಾತ್ರೆ ತಿಂದವರಲ್ಲಿ ಲಿವರ್ ಊತ ಕಂಡದ್ದರಿಂದ 2019ರಲ್ಲಿ ಇಟಲಿ ಸರ್ಕಾರ ಅವುಗಳ ಮೇಲೆ ಎಚ್ಚರಿಕೆ ಮುದ್ರಿಸಲು ಹೇಳಿತು. 2022ರಲ್ಲಿ ಅಮೆರಿಕದ ವೈದ್ಯರು ಇಂಥ ಹತ್ತು ಪ್ರಕರಣ ವರದಿ ಮಾಡಿದರು, ಅವರಲ್ಲಿ ಒಬ್ಬರು ಸತ್ತರು. ಮಾತ್ರೆ ತಿನ್ನುವ ಲಕ್ಷಾಂತರ ಜನರಲ್ಲಿ ಇದು ಅಪರೂಪವೇ. ಆದರೆ ‘ಅಡ್ಡಪರಿಣಾಮ ಇಲ್ಲವೇ ಇಲ್ಲ’ ಎಂಬ ಮಾತು ಸುಳ್ಳು.

ಅಮೃತಬಳ್ಳಿಯದೂ ಹೀಗೇ. ಕೋವಿಡ್ ಸಮಯದಲ್ಲಿ, 2020ರ ಕೊನೆಯ ತಿಂಗಳುಗಳಲ್ಲಿ, ಇದನ್ನು ಸೇವಿಸಿ ಲಿವರ್ ಕೆಟ್ಟ ಆರು ಮಂದಿಯ ಬಗ್ಗೆ ಮುಂಬೈ ವೈದ್ಯರು ವರದಿ ಬರೆದರು. ತಿಂದದ್ದು ಅಮೃತಬಳ್ಳಿಯೇ ಎಂದು ಖಚಿತಪಡಿಸಿಕೊಂಡಿಲ್ಲ ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ನೋಡಲು ಅದರಂತೆಯೇ ಇರುವ ಬೇರೆ ಬಳ್ಳಿಗಳಿರುವುದು ನಿಜ. ಆದರೆ ಬೇಲಿಯಿಂದ ಕಿತ್ತು ಕಷಾಯ ಮಾಡುವವರಿಗೆ ಆ ಆಕ್ಷೇಪವೇ ಇನ್ನೊಂದು ಎಚ್ಚರಿಕೆ ಎನ್ನಬೇಕು.

ಬೇಗ ಗುಣವಾದರೆ ಅನುಮಾನಿಸಿ

ನಮ್ಮ ಮಟ್ಟಿಗೆ ಅತಿ ದೊಡ್ಡ ಅಪಾಯ ಅರಿಶಿನವೂ ಅಲ್ಲ, ಅಮೃತಬಳ್ಳಿಯೂ ಅಲ್ಲ. ಅದು ಚೀಟಿಯಿಲ್ಲದ ಪೊಟ್ಟಣದಲ್ಲಿ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಈಗ ಕೊರಿಯರ್‌ನಲ್ಲೂ ಬರುವ ಪುಡಿ. ಅಟ್ಟದ ಮೇಲೆ ಕಾಯಿ ಒಣಗಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕೆಂದು ಈ ಸೀಮೆಯ ಮಕ್ಕಳಿಗೂ ಗೊತ್ತು. ಮೂರು ದಿನದಲ್ಲಿ ಮಾಡಿಕೊಡುತ್ತೇನೆ ಎಂದವನನ್ನು ಯಾರೂ ನಂಬುವುದಿಲ್ಲ. ಪುಡಿಯ ವಿಷಯದಲ್ಲಿ ಮಾತ್ರ ನಂಬುತ್ತೇವೆ.

ವರ್ಷಗಳ ನೋವು ಎರಡು ಮೂರು ದಿನದಲ್ಲಿ ಹೋಯಿತೆಂದರೆ ಪುಡಿಯಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಅಥವಾ ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆ ಬೆರೆಸಿರುವ ಸಾಧ್ಯತೆಯಿದೆ. ಗಿಡಮೂಲಿಕೆಯ ಹೆಸರಿನ ಕೀಲುನೋವಿನ ಔಷಧಗಳಲ್ಲಿ ಇಂಥ ಕಲಬೆರಕೆ ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಸ್ಟೀರಾಯ್ಡ್ ಮೊದಮೊದಲು ಚೆನ್ನಾಗಿಯೇ ಕಾಣುತ್ತದೆ. ನೋವಿಲ್ಲ, ಹಸಿವು ಜಾಸ್ತಿ, ಹುರುಪು. ಕೆಲವು ವಾರ ಕಳೆದ ಮೇಲೆ ಮುಖ ದುಂಡಗೆ ಊದಿಕೊಳ್ಳುತ್ತದೆ, ಸಕ್ಕರೆ, ಬಿಪಿ ಏರುತ್ತವೆ, ಚರ್ಮ ತೆಳುವಾಗುತ್ತದೆ, ಮೂಳೆ ಸೊರಗುತ್ತದೆ. ಡೈಕ್ಲೋಫಿನಾಕ್ ಬೆರೆತಿದ್ದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಕಿಡ್ನಿಗೆ ಪೆಟ್ಟು.

ಇಲ್ಲಿ ಒಂದು ಮಾತನ್ನು ಸರಿಯಾಗಿ ಗಮನಿಸಿ. ಇಂಥ ಪುಡಿಯನ್ನು ವಾರಗಟ್ಟಲೆ ತಿಂದವರು ಇದನ್ನು ಓದಿ ಹೆದರಿ, ನಾಳೆಯಿಂದಲೇ ಬಿಟ್ಟು ಮನೆಯಲ್ಲಿ ಕೂರಬಾರದು. ಹೊರಗಿನಿಂದ ಸ್ಟೀರಾಯ್ಡ್ ಸಿಗುತ್ತಿದ್ದರೆ ದೇಹ ತನ್ನದನ್ನು ತಯಾರಿಸುವುದನ್ನು ನಿಲ್ಲಿಸಿಬಿಡುತ್ತದೆ. ಏಕಾಏಕಿ ನಿಂತರೆ ವಾಂತಿ, ವಿಪರೀತ ಸುಸ್ತು, ಬಿಪಿ ಕುಸಿತ, ಕೆಲವೊಮ್ಮೆ ಪ್ರಾಣಾಪಾಯ. ಪುಡಿಯ ಪೊಟ್ಟಣ ಹಿಡಿದು ಅಂದೇ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಎಷ್ಟು ದಿನದಿಂದ ತಿನ್ನುತ್ತಿದ್ದೀರಿ ಎಂದು ಮುಚ್ಚಿಡದೆ ಹೇಳಿ. ಹೇಗೆ ಹಂತಹಂತವಾಗಿ ಬಿಡಿಸಬೇಕೆಂದು ವೈದ್ಯರು ತೀರ್ಮಾನಿಸುತ್ತಾರೆ.

ತೆಗೆದುಕೊಳ್ಳಲೇಬೇಕು ಎನ್ನುವವರಿಗೆ

ಆಯುರ್ವೇದ ಔಷಧವಾದರೆ ಡಬ್ಬಿಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ, ಒಳಗಿನ ಪದಾರ್ಥಗಳ ಪಟ್ಟಿ ಇರಬೇಕು. ಬರೀ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದರೆ ಅದು ಆಹಾರವೆಂದು ಮಾರುತ್ತಿರುವ ವಸ್ತು, ಔಷಧವಲ್ಲ. ಇನ್ನು ಸಂಧಿವಾತ ವಾಸಿಮಾಡುತ್ತೇವೆ ಎಂಬ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆಯೇ ನಿಷೇಧಿಸಿದೆ.

ರಕ್ತ ತೆಳುವಾಗಿಸುವ ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಲಿವರ್ ತೊಂದರೆಯವರು, ಗರ್ಭಿಣಿಯರು ಅರಿಶಿನದ ಮಾತ್ರೆಯನ್ನು ತಾವಾಗಿ ಶುರುಮಾಡಬಾರದು. ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವವರೂ ಅಷ್ಟೇ, ಆ ಔಷಧವೇ ಲಿವರ್‌ನ ಮೇಲೆ ಭಾರ ಹಾಕುತ್ತದೆ. ಸಕ್ಕರೆ ಕಾಯಿಲೆಯವರು ಕೇಳಿಯೇ ಮುಂದುವರಿಯಲಿ. ಆಪರೇಷನ್ ಇದ್ದರೆ ಎರಡು ವಾರ ಮೊದಲೇ ವೈದ್ಯರಿಗೆ ತಿಳಿಸಿ. ಉಳಿದವರು ಒಂದು ಸಲಕ್ಕೆ ಒಂದೇ ಬಗೆಯ ಔಷಧ ತೆಗೆದುಕೊಳ್ಳಿ, ಶುರುಮಾಡಿದ ತಾರೀಖು ಕ್ಯಾಲೆಂಡರಿನಲ್ಲಿ ಬರೆದಿಡಿ. ಆರರಿಂದ ಎಂಟು ವಾರದಲ್ಲಿ ಫಲ ಕಾಣದಿದ್ದರೆ ದುಡ್ಡು ದಂಡ ಮಾಡಬೇಡಿ. ಮೂತ್ರ ಕಡು ಹಳದಿಯಾದರೆ, ಕಣ್ಣು ಹಳದಿಯಾದರೆ, ಊಟ ಸೇರದೆ ಮೈ ತುರಿಸಿದರೆ ಅಂದೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ.

ಕೆಲವು ನೋವುಗಳು ಯಾವ ಪುಡಿಗೂ ಕಾಯುವುದಿಲ್ಲ. ಬೆಳಗ್ಗೆ ಎದ್ದಾಗ ಎರಡೂ ಕೈ ಬೆರಳುಗಳು ಒಂದು ಗಂಟೆಗೂ ಹೆಚ್ಚು ಹೊತ್ತು ಬಿಗಿದಿದ್ದು ಊದಿಕೊಂಡಿದ್ದರೆ ಅದು ಸವೆತವಲ್ಲದೆ ಸಂಧಿವಾತವಿರಬಹುದು, ತಡಮಾಡಿದಷ್ಟೂ ಕೀಲು ವಿಕಾರವಾಗುತ್ತದೆ. ಒಂದೇ ಕೀಲು ಕೆಂಪಗೆ ಬಿಸಿಯಾಗಿ ಊದಿ, ಜೊತೆಗೆ ಜ್ವರವಿದ್ದರೆ ಕೀಲಿನೊಳಗೆ ಕೀವು ತುಂಬಿರಬಹುದು. ಅದಕ್ಕೆ ಬೆಳಗಾಗುವ ತನಕವೂ ಕಾಯಬೇಡಿ.