ಜ್ವರ ಬಿಟ್ಟ ಮೇಲೆ ಬೆಟ್ಟ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಜ್ವರದ ಚರಿತ್ರೆ ಬರೆಯದೇ ಊರಿನ ಚರಿತ್ರೆ ಬರೆಯೋಕಾಗಲ್ಲ. ರಾಜರ ಕಥೆ, ಮಠದ ಕಥೆ ಎಲ್ಲರೂ ಹೇಳ್ತಾರೆ. ಜ್ವರದ ಕಥೆ ಯಾರಿಗೂ ಬೇಡ!

ಹೋದ ಸಲ ಮಳೆಗಾಲದ ಕೊನೆಯಲ್ಲಿ ಟೈಫಾಯ್ಡ್ ಬಂದು ನಾನು ಮೂರು ವಾರ ಮಲಗಿದ್ದೆ. ಗಂಜಿ, ಕಷಾಯ, ಪಥ್ಯ ಎಲ್ಲ ಮುಗಿದ ಮೇಲೆ ಡಾಕ್ಟರು "ದಿನಾ ಅರ್ಧ ಗಂಟೆ ನಡೀರಿ" ಅಂದರು. ಪೇಟೆಯವರಾದರೆ ಪಾರ್ಕಿಗೋ ಗಾಲ್ಫ್ ಮೈದಾನದ ಕಡೆಗೋ ಹೋಗ್ತಾರೆ. ಕಾನಸೂರಿನಲ್ಲಿ ನಮಗಿರೋದು ಸೊಪ್ಪಿನಬೆಟ್ಟ. ಆಯಿ ಮಾತ್ರ, "ತಮಾ, ಈಗ ಬೆಟ್ಟಕ್ಕೆ ಹೋಗಡ, ಉಣುಗು ಇರ್ತು" ಅಂದಳು. ಇಬ್ಬರ ಮಾತೂ ಸರಿಯೇ. ಯಾಕೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಕಥೆ.

ಸೊಪ್ಪಿನಬೆಟ್ಟ ಗೊತ್ತಿಲ್ಲದವರಿಗೆ ಎರಡು ಮಾತು. ಬ್ರಿಟಿಷರ ಕಾಲದಲ್ಲಿ ಕಾಡು ಸರ್ಕಾರದ್ದಾದಾಗ, ಅಡಿಕೆ ತೋಟದವರಿಗೆ ಸೊಪ್ಪು, ದರಕು ತರೋಕೆ ಹಕ್ಕು ಉಳಿಸಿಕೊಟ್ಟ ಜಾಗ ಅದು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರ ತೋಟಕ್ಕೆ. ಹಾಗಾಗಿ ಬೆಟ್ಟಕ್ಕೆ ಹೋಗದೇ ಇಲ್ಲಿ ಜೀವನ ಇಲ್ಲ.

ಮೊದಲಿನ ಶತ್ರು ಮಲೇರಿಯಾ. ಹುಲ್ಲಿನ ಅಂಚಿರುವ, ತಿಳಿಯಾಗಿ ಹರಿಯುವ ಹಳ್ಳದಲ್ಲಿ ಹುಟ್ಟುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಸೊಳ್ಳೆಗೆ ನಮ್ಮ ಸೀಮೆ ಸ್ವರ್ಗ. 1946ರ ಹೊತ್ತಿಗೆ ಮುಂಬಯಿ ಪ್ರಾಂತ್ಯದ ಡಾ. ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರು ಕೆನರಾ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯೊಳಗಿನ ಗೋಡೆಗೆ ಡಿಡಿಟಿ ಹೊಡೆಸಿದರು. ಕಚ್ಚಿದ ಸೊಳ್ಳೆ ಗೋಡೆ ಮೇಲೆ ಕೂತು ಸಾಯಬೇಕು, ಅಷ್ಟೇ ಲೆಕ್ಕ. ಜ್ವರ ಇಳಿಯಿತು. 1953ರಲ್ಲಿ ಇಡೀ ದೇಶಕ್ಕೆ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು.

ಉಸಿರು ಬಿಡೋದರೊಳಗೆ 1957. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಜೊತೆಗೆ ಮನುಷ್ಯರಿಗೂ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಪತ್ತೆ ಮಾಡಿದರು. ಅದನ್ನು ಹರಡೋದು ಉಣುಗು. ಮಲೇರಿಯಾ ಓಡಿಸಿದ ರಾಮಚಂದ್ರ ರಾವ್ ಅವರೇ ಮುಂದೆ ಆ ಕೇಂದ್ರದ ನಿರ್ದೇಶಕರಾದರು!

ಆದರೆ ಈ ಸಲ ಗೋಡೆಯ ಉಪಾಯ ನಡೆಯಲಿಲ್ಲ. ಸೊಳ್ಳೆ ನಮ್ಮ ಮನೆಗೆ ಬರ್ತಿತ್ತು. ಉಣುಗಿನ ಮನೆಗೆ ನಾವೇ ಹೋಗ್ತೀವಿ. ಮುಸಿಯ ಸತ್ತರೆ ಮೈಮೇಲಿದ್ದ ಉಣುಗು ಅಲ್ಲೇ ಉದುರುತ್ತೆ. ಡಿಸೆಂಬರಿನಿಂದ ಮೇ ತನಕ ಅದರ ಮರಿಗಳ ಕಾಲ. ನಾವು ದರಕು ಗುಡಿಸೋದೂ ಆಗಲೇ. ರೋಗ ಬಂದವರಲ್ಲಿ ನೂರಕ್ಕೆ 3ರಿಂದ 5 ಜನ ಸಾಯ್ತಾರೆ. ಉಳಿದವರಲ್ಲೂ ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ತಿರುಗಿ ಬರುತ್ತೆ. ಸುಸ್ತು ವಾರಗಟ್ಟಲೆ ಬಿಡಲ್ಲ. ಅಂಥವರು ವಾಪಸ್ ಹೋಗಬೇಕಾದ್ದೂ ಅದೇ ಬೆಟ್ಟಕ್ಕೆ, ಅದೇ ದರಕಿಗೆ. ನನ್ನ ಹಾಗೆ ವಾಕಿಂಗಿಗಲ್ಲ, ಹೊಟ್ಟೆಪಾಡಿಗೆ.

ಲಸಿಕೆ ಇತ್ತು. ಅದರ ಶಕ್ತಿ ಸಾಲದು ಅಂತ 2022ರಲ್ಲಿ ನಿಲ್ಲಿಸಿದರು. 2024ರಲ್ಲಿ ನಮ್ಮ ಸಿದ್ದಾಪುರ ತಾಲೂಕಿನಲ್ಲೇ ಎಷ್ಟೋ ಜನ ಹಾಸಿಗೆ ಹಿಡಿದರು. ಕೈಕಾಲಿಗೆ ಹಚ್ಚಿಕೊಳ್ಳೋಕೆ ಡೆಪಾ ಎಣ್ಣೆ ಕೊಡ್ತಾರೆ. ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ತೊಳೆಯೋದು... ಅರವತ್ತು ವರ್ಷಗಳ ಮೇಲೂ ನಮ್ಮ ಕೈಲಿರೋದು ಹೆಚ್ಚುಕಮ್ಮಿ ಇಷ್ಟೇ. ಸತ್ತ ಮಂಗ ಕಂಡರೆ ಮುಟ್ಟದೇ ಆರೋಗ್ಯ ಕೇಂದ್ರಕ್ಕೆ ಹೇಳಬೇಕು.

ನಾನಂತೂ ಮಳೆ ಬೀಳೋ ತನಕ ಡಾಂಬರು ರಸ್ತೆಯಲ್ಲೇ ನಡೆದೆ. ಸೊಪ್ಪಿನ ಹೊರೆ ಹೊತ್ತು ಎದುರಿಗೆ ಬರುವವರಿಗೆ ಆ ಅನುಕೂಲ ಇಲ್ಲ.

ನಿಮ್ಮ ಹಳೇ ಮನೆಯ ಗೋಡೆ ಮೇಲೆ ಡಿಡಿಟಿ ಹೊಡೆದ ತಾರೀಕು ಬರೆದಿದ್ದು ಯಾರಿಗಾದರೂ ನೆನಪಿದೆಯಾ? ಮನೆಯ ಹಿರಿಯರನ್ನೊಮ್ಮೆ ಕೇಳಿ ನೋಡಿ. ಸುಣ್ಣ ಬಳಿಯೋ ಮೊದಲು ಬರೆದಿಡಿ.