ನೈರೋಬಿ ಡೈರಿ: ಇಮಾನಿ ಅಂದ್ರೆ ನಂಬಿಕೆ

ಸ್ವಾಹಿಲಿಯಲ್ಲಿ ನಂಬಿಕೆಗೆ 'ಇಮಾನಿ' ಅಂತಾರೆ. ದೇವರ ಮೇಲಿನದಕ್ಕೂ ಅದೇ, ಮನುಷ್ಯರ ಮೇಲಿನದಕ್ಕೂ ಅದೇ, ನಮ್ಮ ಕನ್ನಡದ ಹಾಗೇ.

2014ರಲ್ಲಿ ಇಲ್ಲಿ ಆ ಎರಡೂ ಎದುರುಬದುರಾದವು. ಹೊಕ್ಕುಳಬಳ್ಳಿಯ ಗಾಯದಿಂದ ಹಸುಗೂಸುಗಳನ್ನು ಕೊಲ್ಲುವ ಧನುರ್ವಾಯು ತಡೆಯೋಕೆ ಹೆಂಗಸರಿಗೆ ಲಸಿಕೆ ಹಾಕ್ತಿದ್ದರು. ಅದರಲ್ಲಿ ಬಂಜೆತನ ತರುವ ಹಾರ್ಮೋನ್ ಇದೆ ಅಂತ ಕೀನ್ಯಾದ ಕ್ಯಾಥೊಲಿಕ್ ಬಿಷಪ್‌ಗಳು ಆರೋಪಿಸಿದರು. ಲಸಿಕೆ ಸುರಕ್ಷಿತ ಅಂತ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಹೇಳಿದವು. ಬಿಷಪ್‌ಗಳೂ ಸಾಕ್ಷಿಗೆ ಹೋಗಿದ್ದು ಲ್ಯಾಬಿಗೇ! ಆದರೆ ಅಲ್ಲಿ ಬಳಸಿದ್ದು ಮನುಷ್ಯರ ರಕ್ತಕ್ಕೆ ಮಾಡುವಂಥ ಪರೀಕ್ಷೆ, ಲಸಿಕೆಗೆ ಹೊಂದುವಂಥದ್ದಲ್ಲ.

'ಹೇಗೆ ಗೊತ್ತು?' ಅಂದರೆ ವಿಜ್ಞಾನ ಮುನಿಸಿಕೊಳ್ಳಬಾರದು, ತೋರಿಸಬೇಕು. ಆದರೆ ತೋಳು ಚಾಚುವ ತಾಯಿ ರಿಪೋರ್ಟ್ ಓದಿರಲ್ಲ, ನನ್ನ ಮುಖ ನೋಡ್ತಾಳೆ. ಅದಕ್ಕೇ ಅವಳ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೇ ನಾನು ಸೂಜಿ ಹಿಡಿಯೋದು.